ಬಣ್ಣ ಬಳಿದ ಆಟಕ್ಕೆ ನನ್ನ ಹೆಸರು

ಗೇಮ್ ಡಿಸೈನ್ ಕಲಿಯಲು ಹೊಸನಗರದಿಂದ ದಿನಾ ಬಸ್ಸಿನಲ್ಲಿ ಸಾಗರಕ್ಕೆ ಹೋಗುತ್ತಿದ್ದ ಆ ವರ್ಷವನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ತರಬೇತಿ ಕೇಂದ್ರ. ಒಳಗೆ ಹೋದರೆ ರಬ್ಬರಿನ ವಾಸನೆ, ಒದ್ದೆ ಕಾರ್ಪೆಟ್ಟಿನ ಮುಗ್ಗಲು, ಅದನ್ನು ಮುಚ್ಚಲು ಕೇಂದ್ರದ ಮಾಲೀಕರೂ ಮೇಷ್ಟ್ರೂ ಆದ ಸರ್ ಹೊಡೆಯುತ್ತಿದ್ದ ಮಲ್ಲಿಗೆ ಸ್ಪ್ರೇ. ನಾನು ಕಿಟಕಿಯ ಪಕ್ಕದ ಜಾಗ ಹಿಡಿದು ಕೂರುತ್ತಿದ್ದೆ.

ಯಾವ ಬಟನ್ ಒತ್ತಿದರೆ ಏನು ತೆರೆಯುತ್ತದೆ ಎನ್ನುವುದು ಬಿಟ್ಟು ಸರ್ ಬೇರೇನೂ ಕಲಿಸಲಿಲ್ಲ. ಆಟದ ಪಾತ್ರ ಎಷ್ಟು ಎತ್ತರ ಹಾರಬೇಕು ಅಂತ ಹೇಗೆ ನಿರ್ಧಾರ ಮಾಡುವುದು ಎಂದು ಒಮ್ಮೆ ಕೇಳಿದೆ.

"ಆ ಲೆಕ್ಕ ಎಲ್ಲ ನಿಮಗೆ ಬೇಡ. ಸಾಫ್ಟ್‌ವೇರ್ ಬಂದ್ರೆ ಕೆಲಸ ಬಂದಂಗೆ," ಎಂದರು. ಹಲ್ಲಿನ ಸಂದಿಯಿಂದ ತೆಗೆದ ಅಡಿಕೆ ಚೂರನ್ನು ಕೀಬೋರ್ಡಿನ ಅಂಚಿಗೆ ಒರೆಸಿದರು. ಆ ಕೀಬೋರ್ಡನ್ನೇ ನಾವೆಲ್ಲ ಮುಟ್ಟಬೇಕಿತ್ತು.

ನನ್ನ ಅತ್ತಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ತುಮರಿಗೆ ಸೇತುವೆ ಆಗುವ ಮೊದಲು ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಜೀಪು, ಬೈಕು, ಜನರನ್ನೆಲ್ಲ ತುಂಬುತ್ತಿದ್ದರಲ್ಲ, ಅದನ್ನೇ ರಟ್ಟಿನ ಕಾರ್ಡುಗಳಲ್ಲಿ ಆಟ ಮಾಡಿ ಅವಳ ಮುಂದಿಟ್ಟೆ. ಲಾಂಚು ಒಂದು ಕಡೆ ವಾಲದಂತೆ ತುಂಬಬೇಕು. ಎರಡು ಸಲ ಆಡಿ ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿದಳು.

"ಭಾರದ್ದನ್ನೆಲ್ಲ ನಡುವೆ ಇಟ್ರೆ ಮುಗೀತಲ್ಲ. ನಾನು ಯೋಚ್ನೆ ಮಾಡಕ್ಕೆ ಎಂತ ಉಳೀತು?"

"ಮುಂದೆ ಯಾವ ಗಾಡಿ ಬರತ್ತೆ ಅಂತ ಗೊತ್ತಾಗದ ಹಾಗೆ ಮಾಡ್ಲಾ?"

"ಮಾಡು. ಆದ್ರೆ ಬರೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕು. ಸುಮ್ನೆ ಅದೃಷ್ಟಕ್ಕೆ ಬಿಟ್ರೆ ಅದು ಆಟ ಅಲ್ಲ."

ಅಂದಿನಿಂದ ಅವಳ ಬಳಿ ಸಂಭವನೀಯತೆಯ ಪಾಠ ಶುರುವಾಯಿತು. ಪ್ರತಿ ವಾರ ನಿಯಮ ತಿದ್ದುವುದು, ಯಾರನ್ನಾದರೂ ಕೂರಿಸಿ ಆಡಿಸುವುದು, ಅವರು ಎಲ್ಲಿ ಆಕಳಿಸುತ್ತಾರೆ ಎಂದು ನೋಡುವುದು.

ಕೋರ್ಸಿನ ಕೊನೆಗೆ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮಾಡಿದ ಆಟಗಳ ಪ್ರದರ್ಶನವಿತ್ತು. ಅಲ್ಲಿಗೆ ಹೋದ ಮೇಲೆಯೇ ಗೊತ್ತಾಗಿದ್ದು, ಸರ್ ಇಂಟರ್ನೆಟ್ಟಿನಿಂದ ಯಾರೋ ಮಾಡಿದ್ದ ಹುಲಿ ಓಟದ ಆಟ ಇಳಿಸಿಕೊಂಡು, ಬಣ್ಣ ಬದಲಿಸಿ, ಹಿಂದೆ ಒಂದು ದೇವಸ್ಥಾನದ ಫೋಟೊ ಅಂಟಿಸಿದ್ದರು. ಕೆಳಗೆ 'ವಿನ್ಯಾಸ' ಎಂದು ನನ್ನ ಹೆಸರು. ಮೈಮೇಲೆ ಯಾರೋ ಉಗಿದಂತಾಯಿತು.

ಕಾಲೇಜಿನ ಉಪನ್ಯಾಸಕಿಯೊಬ್ಬರು ಸ್ವಲ್ಪ ಹೊತ್ತು ಆಡಿ, "ಎರಡನೇ ಹಂತದಲ್ಲಿ ಹುಲಿ ಯಾಕೆ ನಿಧಾನ ಆಗತ್ತೆ?" ಎಂದು ಕೇಳಿದರು.

"ಗೊತ್ತಿಲ್ಲ ಮೇಡಂ. ಇದನ್ನ ನಾವು ಮಾಡಿಲ್ಲ," ಎಂದೆ.

"ಹೆದ್ರಿದಾಳೆ, ಪಾಪ," ಎನ್ನುತ್ತ ಸರ್ ನನ್ನ ಭುಜದ ಮೇಲೆ ಕೈಯಿಟ್ಟರು. ಒದ್ದೆ ಕೈ. ನಾನು ಅದನ್ನು ತಳ್ಳಿ ಹೊರಗೆ ಬಂದೆ. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಭುಜ ತೊಳೆದುಕೊಂಡೆ. ಸರ್ಟಿಫಿಕೇಟ್ ತರಲು ಹೋಗಲೇ ಇಲ್ಲ.

ಪ್ರೋಗ್ರಾಮಿಂಗನ್ನು ಮನೆಯಲ್ಲೇ ಕಲಿತೆ. ಲಾಂಚಿನ ಆಟವನ್ನು ಫೋನಿಗೆ ತಂದು, ಯಾವ ನಿಯಮವನ್ನು ಯಾಕೆ ಬದಲಿಸಿದೆ ಎಂಬ ವಿವರಣೆಯೊಂದಿಗೆ ಒಂದು ಸಣ್ಣ ಕಂಪನಿಗೆ ಕಳಿಸಿದೆ. ಸಂದರ್ಶನದಲ್ಲಿ ಅವರು ಕೇಳಿದ್ದೆಲ್ಲ ಆ ಬದಲಾವಣೆಗಳ ಬಗ್ಗೆಯೇ. ಆಟದ ಹಂತಗಳನ್ನು ರೂಪಿಸುವ ಕೆಲಸ ಕೊಟ್ಟರು. ಈಗ ಹೊಸನಗರದ ಮನೆಯಿಂದಲೇ ಮಾಡುತ್ತೇನೆ.

ಕೆಲಸ ಸಿಕ್ಕಿ ಕೆಲವು ತಿಂಗಳಾಗಿತ್ತು. ಸಾಗರಕ್ಕೆ ಹೋದಾಗ ಆ ಚಪ್ಪಲಿ ಅಂಗಡಿಯ ಮೇಲೆ ಫ್ಲೆಕ್ಸಿನಲ್ಲಿ ನನ್ನದೇ ಮುಖ, 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಎಂದು. ಮೇಲೆ ಹತ್ತಿ, ತೆಗೆಯಿರಿ ಎಂದೆ.

"ನಿಮಗೂ ಹೆಸರು ಬಂತಲ್ಲ, ಬೇಜಾರೆಂತಕ್ಕೆ?" ಎಂದು ಸರ್ ನಕ್ಕರು.

ತೆಗೆಯುವವರೆಗೂ ಅಲ್ಲೇ ಕೂರುತ್ತೇನೆ ಎಂದು ಕುರ್ಚಿ ಎಳೆದುಕೊಂಡೆ. ಹೊಸದಾಗಿ ಸೇರಲು ಬಂದಿದ್ದವರು ನೋಡುತ್ತಿದ್ದರು. ಸಂಜೆಯೊಳಗೆ ಆಳು ಕರೆಸಿ ನನ್ನ ಮುಖದ ಮೇಲೆ ಕಾಗದ ಅಂಟಿಸಿದರು. ಮುಂದಿನ ವಾರ ಹೋದಾಗ ಅದೇ ಜಾಗದಲ್ಲಿ, ಅದೇ ಬರಹದ ಮೇಲ್ಗಡೆ, ನನ್ನ ಜೊತೆಗೆ ಕಲಿತಿದ್ದ ಇನ್ನೊಬ್ಬಳ ಫೋಟೊ ಇತ್ತು. ಅವಳಿಗೆ ಫೋನ್ ಮಾಡಿದೆ.

"ಇರ್ಲಿ ಬಿಡೇ," ಎಂದಳು. "ಅಪ್ಪಂಗೆ ಖುಷಿಯಾಗಿದೆ."