ಸಾಗವಾನಿ ಪೆಟ್ಟಿಗೆಯ ಗುಳಿಗೆ

ವಾರದ ಹಿಂದೆ ಬೈಲಹೊಂಗಲದ ಅಂಗಡಿಯವನು, ನನ್ನ ಹೆಂಡತಿಯ ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಬೆಳ್ಳಿ ಹಾಳೆಯ ಪಟ್ಟಿಯಿಂದ ಬಿಡಿಸಿ ಕಾಗದದ ಪುಡಿಕೆ ಕಟ್ಟಿಕೊಟ್ಟಿದ್ದ. ನಿನ್ನೆ ಬಿಚ್ಚಿದರೆ ವಿನೆಗರಿನ ಹುಳಿ ವಾಸನೆ, ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಂಗ. ಮೈ ಉರಿದುಹೋಯಿತು. ನೇಸರಗಿಯ ಔಷಧ ಅಂಗಡಿ ಚಾಚಾ ನೆನಪಾದರು…

ಆಗ ನಾವು ನೇಸರಗಿಯಲ್ಲಿದ್ದೆವು. ಆರನೇ ಇಯತ್ತೆಗೆ ಸಾಲಿ ಬಿಟ್ಟು ಉಳಿ ಹಿಡಿದವನು ನಾನು. ನನ್ನ ಕೆಲಸಕ್ಕೆ ಹೆಸರಿಡುವ ಗಂಡಸು ಸುತ್ತಮುತ್ತ ಇರಲಿಲ್ಲ. ಇದೇ ಗುಳಿಗೆ ಅಪ್ಪನಿಗೂ ಇತ್ತು. ಕೈ ನಡುಗಿ ಪಟ್ಟಿ ಒಡೆಯಲಾರದೆ ಒದ್ದಾಡುತ್ತಿದ್ದ. ಅದಕ್ಕೇ ಸಾಗವಾನಿಯಲ್ಲಿ ಮೂವತ್ತು ಖಾನೆಯ ಪೆಟ್ಟಿಗೆ ಮಾಡಿ, ತಿಂಗಳ ಗುಳಿಗೆ ಬಿಡಿಸಿ ತುಂಬಿ, ಚಾಚಾಗೆ ತೋರಿಸಲು ಒಯ್ದೆ.

"ಗುಳಿಗೀಗೆ ಗೋರಿ ಕಟ್ಟೀಯಲ್ಲೋ ಬಡಿಗೇರ!"

"ಇನ್ನೂ ಎರಡು ವರ್ಷ ತಾರೀಖು ಐತಲ್ರಿ ಚಾಚಾ."

"ಅದು ಬೆಳ್ಳಿ ಹಾಳಿಯೊಳಗ ಇದ್ದರ. ಹೊರಗ ತಗದಿ ಅಂದ್ರ ಮಳಿಗಾಲದ ಹವಾನ ತಾರೀಖು ಬರೀತದ. ನಿನ್ನ ಬಾಗಲಾ ಮಳ್ಯಾಗ ಉಬ್ಬಂಗಿಲ್ಲೇನು?"

ಅಂಗಡಿ ಮುಂದಿದ್ದವರೆಲ್ಲ ನಕ್ಕರು. ಚಾಚಾ ಬಿಡಿ ಗುಳಿಗೆ ಒಂದನ್ನು, ಪಟ್ಟಿಯಲ್ಲಿದ್ದ ಒಂದನ್ನು ನೀರಿನ ಹರವಿಯ ಪಕ್ಕ ಇಟ್ಟು, ಕ್ಯಾಲೆಂಡರಿನಲ್ಲಿ ಗೆರೆ ಎಳೆದರು. "ಹದಿನೈದು ದಿನಕ್ಕ ಬಂದು ಮೂಸಿ ನೋಡು."

ನಾನು ಹೋಗಲಿಲ್ಲ. ಎರಡು ಸಲ ಹೇಳಿಕಳಿಸಿದರು, ಸೊಕ್ಕು ಬಿಡಲಿಲ್ಲ. ಗುಳಿಗೆಯನ್ನೂ ಬೇರೆ ಕಡೆಯಿಂದ ತರತೊಡಗಿದೆ. ಆ ಮಳೆಗಾಲವಿಡೀ ಅಪ್ಪ ನನ್ನ ಪೆಟ್ಟಿಗೆಯದನ್ನೇ ನುಂಗಿದ. "ಹುಳಿ ಹತ್ತತಾವೋ" ಎಂದರೆ, "ಔಷಧ ಏನು ಪೇಡೆ ಏನಪಾ?" ಎಂದು ಗದರಿದೆ.

ದಸರೆಗೆ ಮೊದಲೇ ಅಪ್ಪ ಎದೆ ಹಿಡಿದುಕೊಂಡು ಹೋದ. ಗುಳಿಗೆ ಕೆಟ್ಟಿದ್ದಕ್ಕೇ ಹೋದ ಅನ್ನಲು ನನಗೆ ಗೊತ್ತಿಲ್ಲ. ಅಲ್ಲ ಅನ್ನುವ ಧೈರ್ಯವೂ ಇಲ್ಲ. ಚಾಚಾ ಮಣ್ಣಿಗೆ ಬಂದರು, ನನ್ನ ಹೆಗಲ ಮೇಲೆ ಕೈ ಇಟ್ಟರು, ಗುಳಿಗೆಯ ಮಾತೇ ತೆಗೆಯಲಿಲ್ಲ. ಕಪಾಳಕ್ಕೆ ಹೊಡೆದಿದ್ದರೂ ನಡೆಯುತ್ತಿತ್ತು… ಈಗ ಅವರೂ ಇಲ್ಲ.

ನಿನ್ನೆ ಆ ಪುಡಿಕೆಯನ್ನು ಅಂಗಡಿಯವನ ಮುಂದೆ ಒಗೆದೆ.

"ತಾರೀಖು ಇನ್ನೂ ಐತ್ರಿ ಯಜಮಾನ್ರ" ಎಂದು ನಕ್ಕ.

ಓಣಿ ಕೂಡುವಂತೆ ಒದರಾಡಿದೆ. ಹೊಸ ಪಟ್ಟಿ ಇಡಿಯಾಗಿ ಕೊಟ್ಟ. ಹಿಡಿದುಕೊಂಡು ಬರುವಾಗಲೂ ಸಿಟ್ಟು ಇಳಿದಿರಲಿಲ್ಲ, ಅವನ ಮೇಲಷ್ಟೇ ಅಲ್ಲ. ನೇಸರಗಿಯಲ್ಲಿ ನಮ್ಮ ಮನೆಯಿಂದ ಚಾಚಾನ ಅಂಗಡಿಗೆ ನೂರು ಹೆಜ್ಜೆಯೂ ಇರಲಿಲ್ಲ.