ನನ್ನ ಮದುವೆ ಕಾರ್ಡೂ ಮಾವನ ಗೇರ್‌ಬಾಕ್ಸೂ

ನನ್ನ ಸೋದರಮಾವನ ಉಗುರುಗಳ ಸಂದಿಯಲ್ಲಿ ಕರಿ ಗ್ರೀಸು ಕಾಯಮ್ಮಾಗಿ ಮನೆ ಮಾಡಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಗೊಣಗಿದರೆ, "ಇನ್ನೂ ತಿಕ್ಕಿದ್ರೆ ಉಗುರೇ ಹೋಗ್ತೈತೆ, ಅನ್ನ ಬಡಿಸೇ" ಅನ್ನುತ್ತಿದ್ದ.

ಕೊಂಡ್ಲಹಳ್ಳಿಯಲ್ಲಿ ಶೇಂಗಾ ಬೆಳೆಯುತ್ತಿದ್ದ ಮಾವನ ಹತ್ತಿರ ಹಳೆಯ ಕಾರೊಂದಿತ್ತು. ಅದಕ್ಕೆ ಬೇರೆ ಯಾರಾದರೂ ಸ್ಪ್ಯಾನರ್ ತಾಗಿಸಿದರೆ ಅವನಿಗೆ ಮೈಯೆಲ್ಲ ಉರಿ. ತಾನೇ ಬಿಚ್ಚುವನು, ತಾನೇ ಕೂಡಿಸುವನು. ಆಮೇಲೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು, ಕಾರಿನಡಿ ಬಗ್ಗಿಸಿ ತೋರಿಸುವನು. ಕೆಲಸಕ್ಕಿಂತ ಕೊಚ್ಚಿಕೊಳ್ಳುವುದೇ ಒಂದು ಕೈ ಜಾಸ್ತಿ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಆಗಲೇ ಆ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ನಮ್ಮಲ್ಲಿ ಮದುಮಗಳನ್ನು ಸೋದರಮಾವನೇ ಕೈಹಿಡಿದು ಹಸೆಮಣೆಗೆ ಕರೆತರಬೇಕು. ತನ್ನ ಕಾರಿನಲ್ಲೇ ಮದುವೆಗೆ ಚಳ್ಳಕೆರೆಗೆ ಬರುವುದೆಂದು ಮಾವನ ಹಠ. ಬಳ್ಳಾರಿಯ ಗುಜರಿ ಅಂಗಡಿಯಿಂದ ಬೇರೆ ಗೇರ್‌ಬಾಕ್ಸ್ ತಂದ. ಅಂಗಳದಲ್ಲಿ ಕಾರಿಗೆ ಕಲ್ಲು ಕೊಟ್ಟು ನಿಲ್ಲಿಸಿ, ಹಳೆಯದನ್ನು ಇಳಿಸಿ ಇದನ್ನು ಏರಿಸಿದ. ಬೆಳಿಗ್ಗೆ ನೋಡಿದರೆ ಕೆಳಗೆ ಹಾಸಿದ್ದ ಪೇಪರಿನ ತುಂಬ ಎಣ್ಣೆ. ಎಣ್ಣೆ ಸೋರದಿರಲೆಂದು ಗೇರ್‌ಬಾಕ್ಸಿನ ಮುಚ್ಚಳದ ಸಂದಿಗೆ ಕೊಟ್ಟಿದ್ದ ರಟ್ಟಿನ ಪ್ಯಾಕಿಂಗ್ ತಡೆದಿರಲಿಲ್ಲ. ಮತ್ತೆ ಬಿಚ್ಚಿದ.

ಅಷ್ಟರಲ್ಲಿ ನನ್ನ ಮದುವೆಯ ಕಾರ್ಡು ಅವನ ಮನೆ ತಲುಪಿತು, ಬಸ್ ಕಂಡಕ್ಟರನ ಕೈಯಲ್ಲಿ! ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿದ್ದ ನನ್ನ ದೊಡ್ಡಪ್ಪ ಕಳಿಸಿದ್ದು. ನಮ್ಮ ಮನೆಯಲ್ಲಿ ಅವರದೇ ಮಾತು, ಅಪ್ಪ ಬರೀ ತಲೆಯಾಡಿಸುವವರು. ಸೋದರಮಾವನನ್ನು ಕರೆಯುವುದೆಂದರೆ ಮನೆಗೆ ಹೋಗಿ, ಕುಂಕುಮವಿಟ್ಟು, ಅಕ್ಷತೆ ಕೊಟ್ಟು ಕರೆಯಬೇಕು. ಅವ್ವನಿಗೆ ಇದ್ದದ್ದು ಒಬ್ಬನೇ ತಮ್ಮ. ಅವಳು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳೇ ಹೊರತು ದೊಡ್ಡಪ್ಪನ ಎದುರು ತುಟಿ ಬಿಚ್ಚಲಿಲ್ಲ. ಇವತ್ತು ನೆನೆಸಿಕೊಂಡರೂ ನನಗೆ ರಕ್ತ ಕುದಿಯುತ್ತದೆ.

ಮಾವ ಏನು ಮಾಡಿದ ಅಂತ ಅತ್ತೆ ಆಮೇಲೆ ಹೇಳಿದಳು. ದೊಡ್ಡಸ್ತಿಕೆಗೆಂದು ಅಚ್ಚು ಹಾಕಿಸಿದ್ದ ಕಾರ್ಡು ಒಳ್ಳೇ ದಪ್ಪಗಿತ್ತು. ನಡುವೆ ಇದ್ದ ದೇವರ ಚಿತ್ರವನ್ನೂ ನನ್ನ ಹೆಸರನ್ನೂ ಕತ್ತರಿಸಿ ತೆಗೆದು ದೇವರ ಗೂಡಿನಲ್ಲಿಟ್ಟನಂತೆ. ದೊಡ್ಡಪ್ಪನ ಹೆಸರಿದ್ದ ಅಂಚನ್ನು ಮುಚ್ಚಳದ ಅಳತೆಗೆ ಕತ್ತರಿಸಿ, ಎರಡೂ ಕಡೆ ಅಂಟು ಬಳಿದು, ರಟ್ಟಿನ ಬದಲು ಸಂದಿಯಲ್ಲಿಟ್ಟು ಬೋಲ್ಟ್ ಬಿಗಿದನಂತೆ. ಮಾರನೆಯ ಬೆಳಿಗ್ಗೆ ಪೇಪರ್ ಮೇಲೆ ಒಂದು ತೊಟ್ಟೂ ಇರಲಿಲ್ಲ.

ಅಲ್ಲಿಗೆ ಸುಮ್ಮನಿದ್ದರೆ ಅವನು ನಮ್ಮ ಮಾವನೇ ಅಲ್ಲ. ಊರಿಗೆಲ್ಲ ತೋರಿಸಿದ. ಸುದ್ದಿ ಚಳ್ಳಕೆರೆಗೆ ಬಂತು. ದೊಡ್ಡಪ್ಪ ಕೆಂಡವಾದರು. "ಆ ಎಣ್ಣೆ ಕೈಯೋನು ನಮ್ಮ ಹುಡುಗಿ ಕೈ ಹಿಡಿಯಾದು ಬ್ಯಾಡ" ಅಂದು, ಶಾಸ್ತ್ರಕ್ಕೆ ತಮ್ಮ ಹೆಂಡತಿಯ ತಮ್ಮನನ್ನು ಗೊತ್ತುಮಾಡಿದರು. ಉಟ್ಟ ಪಂಚೆಯಿಂದ ಹಿಡಿದು ತಲೆದಿಂಬಿನವರೆಗೂ ಶೇಂಗಾ ಎಣ್ಣೆ ನಾರುವ ಮನುಷ್ಯನಿಗೆ ಎಣ್ಣೆ ಕೈ ಹೇಸಿಗೆಯಾಯಿತಂತೆ!

ಮದುವೆಯ ದಿನ ಮಾವ ಅದೇ ಕಾರಿನಲ್ಲಿ ಬಂದ. ಯಾರೂ ಒಳಗೆ ಬಾ ಅನ್ನಲಿಲ್ಲ. ಛತ್ರದ ಬಾಗಿಲ ಹತ್ತಿರವೇ ನಿಂತಿದ್ದ. ನಾನು ಕೋಣೆಯ ಕಿಟಕಿಯಿಂದ ನೋಡಿದೆ. ಮಾವ ಬರುವವರೆಗೂ ಏಳುವುದಿಲ್ಲ ಎಂದು ಕೂತುಬಿಟ್ಟೆ. ಬೈದರು, ಬೇಡಿದರು. ಮುಹೂರ್ತ ಮೀರುವ ಹೊತ್ತಿಗೆ ದೊಡ್ಡಪ್ಪ ಬೇರೆ ದಾರಿಯಿಲ್ಲದೆ ಅವನನ್ನು ಕರೆಸಿದರು.

ಮಾವ ಬಂದವನು ಬಲಗೈಗೆ ಟವೆಲ್ ಸುತ್ತಿಕೊಂಡು ನೀಡಿದ. ಅಷ್ಟು ಬಾಯಿ ಮಾಡುತ್ತಿದ್ದವನು ಆವತ್ತು ತಲೆ ಎತ್ತಲಿಲ್ಲ. ನಾನು ಟವೆಲ್ ಕಿತ್ತೆಸೆದೆ.

"ಸೀರೆಗೆ ಕಲೆ ಆಗ್ತೈತೆ ಕಣವ್ವ" ಅಂದ.

"ಆಗ್ಲಿ ಬಿಡು ಮಾವ" ಅಂದೆ.

ಕೆಲವು ವರ್ಷಗಳ ಮೇಲೆ ಮಾವ ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ದೊಡ್ಡಪ್ಪನೂ ಬಂದಿದ್ದರು. ಹೆಣದ ಪಕ್ಕ ಕೂತು, ನಮ್ಮ ಮನೆ ಮದುವೆಯಲ್ಲಿ ಸೋದರಮಾವನ ಶಾಸ್ತ್ರವನ್ನು ಎಷ್ಟು ಚೆಂದ ನಡೆಸಿಕೊಟ್ಟ ಪುಣ್ಯಾತ್ಮ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, ತಮ್ಮನ ತಲೆಯ ಹತ್ತಿರ ಕೂತಿದ್ದ ಅವ್ವ ಎದ್ದು ನಿಂತಳು. ನಮ್ಮ ಮನೆ ಸೇರಿದಂದಿನಿಂದ ದೊಡ್ಡಪ್ಪನ ಮುಖ ನೋಡಿ ಒಂದು ಮಾತೂ ಆಡದಿದ್ದವಳು ಅವಳು.

"ನೀವು ಅವನ್ನ ಮನೆಗೆ ಬಂದು ಕರೀಲೇ ಇಲ್ಲ ಭಾವಾರೆ. ಹೊರಗೆ ಕುಂತ್ಕಳ್ರಿ."