ಮೊದಲೇ ಓದಿದ್ದ ಮೆಸೇಜು

ವಾರಿಜಕ್ಕ, ಅಂದು ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಮೆಸೇಜನ್ನು ನಾನು ಸುದ್ದಿ ಹಾಕಿದ ಮೇಲೆ ನೋಡಿದ್ದಲ್ಲ — ಮೊದಲೇ ಓದಿದ್ದೆ. ಓದಿಯೂ ಹಾಕಿದೆ.

ಆರು ವರ್ಷವಾಯಿತು. ಇಷ್ಟು ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತೆಂದರೆ ನನ್ನ ಯೋಗ್ಯತೆ ಎಂಥದೆಂದು ನೀವೇ ತಿಳಿಯಿರಿ.

ನನ್ನ ವೆಬ್‌ಸೈಟ್ ನಿಮಗೆ ಗೊತ್ತಿದ್ದದ್ದೇ. ಚೆಂಬೂರಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತ, ಬಿಡುವಿನಲ್ಲಿ ನಮ್ಮಂಥ ಮೇಷ್ಟರುಗಳ ಸುದ್ದಿ ಹಾಕುವ ಹುಚ್ಚು ನನಗೆ. ಎಲ್ಲಿ ಹುದ್ದೆ ಖಾಲಿ ಇದೆ, ಯಾರು ನಿವೃತ್ತರಾದರು, ಯಾರು ತೀರಿಕೊಂಡರು, ವಿಚಾರ ಸಂಕಿರಣ ಎಲ್ಲಿ — ಇಂಥವು. ದೇಶದ ತತ್ತ್ವಶಾಸ್ತ್ರದವರೆಲ್ಲ ಸೇರಿದರೂ ಲೋಕಲ್ ರೈಲಿನ ಒಂದು ಡಬ್ಬಿ ತುಂಬಲಿಕ್ಕಿಲ್ಲ ಎಂದು ನೀವು ತಮಾಷೆ ಮಾಡುತ್ತಿದ್ದಿರಿ. ಆದರೂ ತಪ್ಪದೆ ಓದುತ್ತಿದ್ದಿರಿ. ಯಾವ ವಿಭಾಗದ ಸುದ್ದಿಯೋ ಆ ವಿಭಾಗದವರ ಒಪ್ಪಿಗೆಯಿಲ್ಲದೆ ಏನನ್ನೂ ಹಾಕುವುದಿಲ್ಲ ಎಂದು ಸೈಟಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ. ಈಗಲೂ ಅದು ಅಲ್ಲೇ ಇದೆ.

ಭಾಂಡುಪಿನ ನಿಮ್ಮ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ವಿಭಾಗವೆಂದರೆ ನೀವೊಬ್ಬರೇ, ಅದೂ ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ಮೇಲೆ. ಬಿ.ಎ. ಮೂರನೆಯ ವರ್ಷಕ್ಕೆ ಹತ್ತು ಮಕ್ಕಳಾದರೂ ಈ ವಿಷಯ ಆರಿಸಿಕೊಳ್ಳದಿದ್ದರೆ ವಿಭಾಗ ಮುಚ್ಚುತ್ತೇವೆಂದು ಪ್ರಿನ್ಸಿಪಾಲರು ಹೇಳಿದ್ದರು. ಅದನ್ನು ನನ್ನ ಕಾಲೇಜಿನೆದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನನಗೆ ಹೇಳಿದಿರಿ. "ವೆಬ್‌ಸೈಟಿಗೆ ಹೇಳ್ತಾ ಇಲ್ಲ ಮಾರಾಯ್ರೆ, ನಿಮ್ಗೆ ಹೇಳ್ತಾ ಇದ್ದೇನೆ" ಎಂದಿರಿ. ನಾನು ಹೂಂ ಅಂದೆ. ಮನೆಗೆ ಹೋದವನೇ ಬರೆಯಲು ಕೂತೆ — ಬರೆದಿಟ್ಟುಕೊಂಡರೆ ತಪ್ಪೇನು, ಹಾಕಿದರಲ್ಲವೇ ತಪ್ಪು —

ಬರೆದದ್ದು ಚೆನ್ನಾಗಿ ಬಂದುಬಿಟ್ಟಿತು, ಅದೇ ಕೇಡಾಯಿತು. "ಮುಂಬೈಯ ಇನ್ನೊಂದು ತತ್ತ್ವಶಾಸ್ತ್ರ ವಿಭಾಗಕ್ಕೆ ಬೀಗ" ಎಂಬ ತಲೆಬರಹ. ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಅದನ್ನೇ ಓದಿ ಓದಿ ಮೆಚ್ಚಿಕೊಳ್ಳುತ್ತಿದ್ದೆ. ಆಗ ಫೋನಿನ ಮೇಲೆ ನಿಮ್ಮ ಮೆಸೇಜು ಮೂಡಿತು. "ಹನ್ನೊಂದು ಮಕ್ಕಳು ಒಪ್ಪಿದ್ದಾರೆ ಸರ್. ಸೋಮವಾರ ಫಾರ್ಮ್ ತುಂಬ್ತಾರೆ. ಅಲ್ಲಿವರೆಗೆ ಏನೂ ಹಾಕ್ಬೇಡಿ."

ನಾನು ಅದನ್ನು ತೆರೆಯಲಿಲ್ಲ. ತೆರೆದರೆ ಓದಿದ್ದಾನೆಂದು ನಿಮಗೆ ವಾಟ್ಸಾಪಿನ ನೀಲಿ ಟಿಕ್ಕು ತೋರಿಸಿಬಿಡುತ್ತದಲ್ಲ. ಪರದೆಯ ಮೇಲೆ ಕಂಡದ್ದನ್ನೇ ಓದಿ, ಫೋನನ್ನು ಬೋರಲು ಹಾಕಿದೆ. ಸೋಮವಾರ ಹನ್ನೊಂದು ಮಕ್ಕಳು ಸೇರಿಬಿಟ್ಟರೆ ನನ್ನ ಸುದ್ದಿ ಸುದ್ದಿಯಾಗಿಯೇ ಉಳಿಯುವುದಿಲ್ಲ — ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಇಷ್ಟೇ, ಅಕ್ಕ. ನಿಮ್ಮ ಕೆಲಸವಲ್ಲ, ಆ ಮಕ್ಕಳಲ್ಲ. ಸುದ್ದಿ ಹಾಕಿದೆ. ಒಂದು ಗಂಟೆ ಬಿಟ್ಟು ನಿಮ್ಮ ಮೆಸೇಜು ತೆರೆದೆ. ಅದೇ ದಿನ ಬೆಳಿಗ್ಗೆ ನೀತಿಶಾಸ್ತ್ರದ ಪಾಠ ಮಾಡಿ ಬಂದಿದ್ದೆ.

ಶನಿವಾರದ ಹೊತ್ತಿಗೆ ಅದು ನಿಮ್ಮ ಮಕ್ಕಳ ವಾಟ್ಸಾಪಿಗೆ, ಅವರ ಅಪ್ಪ ಅಮ್ಮಂದಿರಿಗೆ ತಲುಪಿತ್ತು. ಮುಚ್ಚುವ ವಿಭಾಗಕ್ಕೆ ಯಾರು ತಾನೆ ಮಕ್ಕಳನ್ನು ಸೇರಿಸುತ್ತಾರೆ? ಸೋಮವಾರ ಫಾರ್ಮ್ ತುಂಬಿದ್ದು ಮೂವರು. ಉಳಿದವರು ಮನಃಶಾಸ್ತ್ರಕ್ಕೆ ಹೋದರು. ಒಂದು ಸುದ್ದಿ ತಾನು ಹೇಳಿದ್ದನ್ನು ತಾನೇ ಆಗಿಸಬಲ್ಲುದೇ ಎಂದು ನನ್ನ ಸೈಟಿನಲ್ಲಿ ಆ ಸುದ್ದಿಯ ಕೆಳಗೇ ವಿದ್ವಾಂಸರು ವಾರಗಟ್ಟಲೆ ಚರ್ಚೆ ಮಾಡಿದರು. ನಾನೂ ಸೇರಿಕೊಂಡೆ, ನಾಚಿಕೆಯಿಲ್ಲದೆ. ನಿಮ್ಮ ಹೆಸರನ್ನು ಯಾರೂ ಕೇಳಲಿಲ್ಲ. ವಿಭಾಗ ಮುಚ್ಚಿದ ದಿನ "ನಾವು ಮೊದಲೇ ತಿಳಿಸಿದ್ದೆವು" ಎಂದು ಬೇರೆ ಬರೆದೆ.

ಆ ಸೋಮವಾರ ಸಂಜೆ ನೀವು ಫೋನ್ ಮಾಡಿದಿರಿ. ಬೈಯುತ್ತೀರಿ ಅಂದುಕೊಂಡೆ.

"ನನ್ನ ಮೆಸೇಜ್ ನೋಡ್ಲಿಲ್ವಾ ಸರ್?"

"ನೋಡೂದ್ರೊಳಗ ಸುದ್ದಿ ಹೋಗಿಬಿಟ್ಟಿತ್ರಿ ಅಕ್ಕಾರ."

"ಛೆ. ನಾನೇ ಸ್ವಲ್ಪ ಮೊದ್ಲು ಕಳಿಸ್ಬೇಕಿತ್ತು."

ಆಗ ಹೇಳಬಹುದಿತ್ತು. ಹೇಳಲಿಲ್ಲ — ನೀವೇ ತಪ್ಪು ಹೊತ್ತುಕೊಂಡಿರಿ, ನನಗೆ ಹಗುರವಾಯಿತು. ಎಷ್ಟು ನೀಚತನ ಎಂದರೆ, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಈಗ ನೀವು ಜೋಗೇಶ್ವರಿಯಲ್ಲಿ ನಿಮ್ಮ ತಮ್ಮನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೀರೆಂದು ಗೊತ್ತಿತ್ತು. ಬರುವ ಧೈರ್ಯವಿರಲಿಲ್ಲ. ಹೋದ ತಿಂಗಳು ಹೇಳಿಯೇ ಬಿಡಬೇಕೆಂದು ಬಂದೆ. ನೀವು ಎದ್ದು ಬಂದು ಮೇಜು ಒರೆಸಿದಿರಿ, ನೀರುದೋಸೆ ತರಿಸಿದಿರಿ, ತಮ್ಮನನ್ನು ಕರೆದು ಹೇಳಿದಿರಿ: "ಇವ್ರೇ ದೇಸಾಯಿ ಸರ್. ಅವತ್ತು ನಾನು ಮೆಸೇಜ್ ಕಳಿಸುವಾಗ ತಡ ಆಯ್ತು ಮಾರಾಯ. ಇಲ್ಲಾಂದ್ರೆ ಇವ್ರು ನಿಲ್ಲಿಸ್ತಿದ್ರು." ತಮ್ಮ ನನಗೆ ಕೈ ಮುಗಿದ. ನಾನು ದೋಸೆ ತಿಂದೆ, ಚೆನ್ನಾಗಿದೆ ಅಂದೆ, ಸ್ಟೇಷನ್ನಿಗೆ ನಡೆದುಬಂದೆ.

ನೀವು ತಡ ಮಾಡಿರಲಿಲ್ಲ, ವಾರಿಜಕ್ಕ. ನಿಮ್ಮ ಮೆಸೇಜು ಸರಿಯಾದ ಹೊತ್ತಿಗೇ ಬಂದಿತ್ತು. ಆರು ವರ್ಷ ನಿಮ್ಮದಲ್ಲದ ತಪ್ಪನ್ನು ನಿಮ್ಮ ತಲೆಯ ಮೇಲೆ ಬಿಟ್ಟು ನಾನು ಸುಮ್ಮನಿದ್ದೆ. ಕ್ಷಮಿಸಿ ಎಂದು ಕೇಳುವ ಮುಖವಿಲ್ಲ.

ಇದನ್ನೇ ಸೈಟಿನ ಭಾಷೆಯಾದ ಇಂಗ್ಲಿಷಿನಲ್ಲೂ ಬರೆದಿಟ್ಟಿದ್ದೇನೆ, ಆ ಹಳೆಯ ಸುದ್ದಿಯ ನೆತ್ತಿಯ ಮೇಲೆ ಹಾಕಲು. ಮೊದಲು ನಿಮಗೆ ಕಳಿಸುತ್ತಿದ್ದೇನೆ. ನೀವು ಓದಿ, ಹಾಕಿ ಎನ್ನುವವರೆಗೆ ಹಾಕುವುದಿಲ್ಲ. ವಾರವಾಗಲಿ, ವರ್ಷವಾಗಲಿ, ಕಾಯುತ್ತೇನೆ. ಅಂದು ನಾನು ಕಾಯಬೇಕಾಗಿದ್ದದ್ದು ಸೋಮವಾರದವರೆಗೆ ಮಾತ್ರ.